ಹಳೇ 32-ಬಿಟ್ ನೆಟ್‌ಬುಕ್‌ನಲ್ಲಿ ಡೆಬಿಯನ್ 12: ಕೆಲವು ಮಳೆಗಾಲ ಬಳಸಿದ ಮೇಲೆ

ನಮ್ಮ ಮನೆಯ ನೆಟ್‌ಬುಕ್‌ನಲ್ಲಿ (ಪುಟ್ಟ ಲ್ಯಾಪ್‌ಟಾಪ್) ಇರುವುದು 2008ರ ಆ್ಯಟಮ್ ಎನ್270. ಅಪ್ಪಟ 32-ಬಿಟ್ ಪ್ರೊಸೆಸರ್, 64-ಬಿಟ್ ಓಎಸ್ ಇದರಲ್ಲಿ ಏಳುವುದೇ ಇಲ್ಲ. ಜೊತೆಗೆ ಬಂದಿದ್ದ ವಿಂಡೋಸ್ ಎಕ್ಸ್‌ಪಿಯನ್ನು ಮೈಕ್ರೋಸಾಫ್ಟ್ 2014ರಲ್ಲೇ ಕೈಬಿಟ್ಟಿತು. ಈಗ ಇರುವುದು ಡೆಬಿಯನ್ 12 ಎಂಬ ಲಿನಕ್ಸ್ ಓಎಸ್, ಅದರ ಮೇಲೆ ಹಗುರವಾದ ಎಲ್‌ಎಕ್ಸ್‌ಡಿಇ ಡೆಸ್ಕ್‌ಟಾಪ್. ಶಿರಸಿ ಕಡೆಯ ಅಡಿಕೆ ಮನೆ ನಮ್ಮದು. ಕೊನೆಗೌಡರ ಕೂಲಿ, ಚಾಲಿ ಎಷ್ಟು, ರಾಶಿ ಎಷ್ಟು, ಸೊಸೈಟಿಗೆ ಎಷ್ಟು ಚೀಲ ಹೋಯಿತು, ಲೆಕ್ಕವೆಲ್ಲ ಇದರಲ್ಲೇ.

ಆ ಕೆಲಸಕ್ಕೆ ಧಾರಾಳ ಸಾಕು. ಲಿಬ್ರೆಆಫೀಸ್ ಒತ್ತಿದರೆ ಚಾ ಕುಡಿದು ಬರಬಹುದು, ಹಾಗಾಗಿ ನ್ಯೂಮೆರಿಕ್ (Gnumeric) ಎಂಬ ಹಗುರ ಸ್ಪ್ರೆಡ್‌ಶೀಟ್ ಹಾಕಿಕೊಳ್ಳಿ. ಕನ್ನಡ ಟೈಪಿಂಗ್‌ಗೆ ಐಬಸ್ ಇದೆ, ಗುಬ್ಬಿ ಫಾಂಟ್‌ನಲ್ಲಿ ಒತ್ತಕ್ಷರ ಚೆನ್ನಾಗಿ ಕೂರುತ್ತದೆ. ಪರದೆಯ ಎತ್ತರ 600 ಪಿಕ್ಸೆಲ್ ಮಾತ್ರ. ಕೆಲವು ವಿಂಡೋಗಳ ‘ಓಕೆ’ ಬಟನ್ ಪರದೆಯ ಕೆಳಗೆ ಹೋಗಿ ಕೂತಿರುತ್ತದೆ. ಆಲ್ಟ್ ಒತ್ತಿಕೊಂಡು ಮೌಸ್‌ನಲ್ಲಿ ವಿಂಡೋ ಮೇಲಕ್ಕೆ ಎಳೆದರೆ ಸಿಗುತ್ತದೆ. ಜುಲೈ ಮಳೆಗೆ ನೆಟ್ ಕಡಿದು ಹೋದರೂ ಚಿಂತೆ ಇಲ್ಲ. ಅಪ್‌ಡೇಟ್ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ತೊಂದರೆ ಇರುವುದು ಬ್ರೌಸರ್‌ನಲ್ಲಿ. 32-ಬಿಟ್ ಲಿನಕ್ಸ್‌ಗೆ ಕ್ರೋಮ್ 2016ರಲ್ಲೇ ನಿಂತಿತು. ಫೈರ್‌ಫಾಕ್ಸ್ 144ರ ನಂತರ ಮೊಜಿಲ್ಲಾ ಕೂಡ ಬಿಟ್ಟಿದೆ. ಫೈರ್‌ಫಾಕ್ಸ್‌ನ ದೀರ್ಘ ಬೆಂಬಲದ ಆವೃತ್ತಿ ಇಎಸ್‌ಆರ್ 140ಕ್ಕೆ 2026ರ ಸೆಪ್ಟೆಂಬರ್ ತನಕವಾದರೂ ಅಪ್‌ಡೇಟ್ ಕೊಡುತ್ತೇವೆ ಎಂದಿದ್ದಾರೆ. ಹೇಗಿದ್ದರೂ 2 ಜಿಬಿ ರ‍್ಯಾಮ್‌ನಲ್ಲಿ ಎರಡು ಟ್ಯಾಬ್ ತೆರೆದರೆ ಮೂರನೆಯದಕ್ಕೆ ಉಸಿರಿರುವುದಿಲ್ಲ.

ಬಿಟ್ಟವರನ್ನು ಬೈಯಲು ನನಗೆ ಮನಸ್ಸಿಲ್ಲ. 32-ಬಿಟ್‌ನಲ್ಲಿ ಒಂದು ಪ್ರೋಗ್ರಾಂಗೆ ಸಿಗುವ ಮೆಮೊರಿ ವಿಳಾಸದ ಜಾಗ ಹೆಚ್ಚೆಂದರೆ 4 ಜಿಬಿ. ಈಗಿನ ಬ್ರೌಸರ್ ಕಂಪೈಲ್ ಮಾಡುವಾಗ, ಅಂದರೆ ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಮಾರ್ಪಡಿಸುವಾಗ, ತುಂಡುಗಳನ್ನೆಲ್ಲ ಜೋಡಿಸುವ ಕೊನೆಯ ಲಿಂಕಿಂಗ್ ಹಂತಕ್ಕೇ ಅಷ್ಟು ಸಾಲದೆ ಹೋಗುತ್ತದೆ. ಓಎಸ್‌ನ ತಿರುಳಾದ ಕರ್ನಲ್‌ನಲ್ಲಿ ದೋಷ ಕಂಡರೆ ಹಳೇ ಯಂತ್ರ ಎದುರಿಗೆ ಇಟ್ಟುಕೊಂಡು ಪರೀಕ್ಷಿಸುವವರು ಬೇಕು. ಅಂಥವರು ವರ್ಷ ವರ್ಷ ಕಡಿಮೆ ಆಗ್ತಾ ಇದ್ದಾರೆ. ಫೆಡೋರಾ ಎಂಬ ಇನ್ನೊಂದು ಲಿನಕ್ಸ್ 2019ರಲ್ಲೇ 32-ಬಿಟ್ ಕರ್ನಲ್ ಕೊಡುವುದನ್ನು ನಿಲ್ಲಿಸಿತು. ಡೆಬಿಯನ್ ಮಾತ್ರ 2025ರ ತನಕ ಎಳೆದುಕೊಂಡು ಬಂತು, ಅದೂ ಬಿಟ್ಟಿಯಾಗಿ! ಅಂದ ಹಾಗೆ, ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ಪ್ರೊಸೆಸರ್ ದೋಷಗಳ ಬಗ್ಗೆ 2018ರಲ್ಲಿ ಗದ್ದಲ ಆಯಿತಲ್ಲ, ಅದು ಈ ಬಡಪಾಯಿ ಆ್ಯಟಮ್‌ಗೆ ತಟ್ಟಲಿಲ್ಲ. ಆದೇಶಗಳನ್ನು ಸರದಿ ಬಿಟ್ಟು ಮುಂಚೆಯೇ ಓಡಿಸುವಷ್ಟು ಚುರುಕು ಇದಕ್ಕಿಲ್ಲ.

ಡೆಬಿಯನ್ 13ಕ್ಕೆ ಮಾತ್ರ ಅಪ್‌ಗ್ರೇಡ್ ಮಾಡಬೇಡಿ. ಅದರಲ್ಲಿ 32-ಬಿಟ್ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ್ರೂ ಇಲ್ಲ. 64-ಬಿಟ್ ಯಂತ್ರದಲ್ಲಿ ಹಳೇ ಪ್ರೋಗ್ರಾಂ ಓಡಿಸಲಿಕ್ಕೆ ಬೇಕಾದ 32-ಬಿಟ್ ಪ್ಯಾಕೇಜ್‌ಗಳನ್ನಷ್ಟೇ ಉಳಿಸಿದ್ದಾರೆ. ಇದನ್ನು ಅವರ ಬಿಡುಗಡೆ ಟಿಪ್ಪಣಿಯಲ್ಲೇ ಬಿಡಿಸಿ ಹೇಳಿದ್ದಾರೆ. ಈ ಮರ್ಯಾದೆಗೇ ಒಂದು ಸ್ಟಾರ್ ಜಾಸ್ತಿ. ಡೆಬಿಯನ್ 12ರ ದೀರ್ಘಾವಧಿ ಬೆಂಬಲ 2028ರ ಜೂನ್ ತನಕ ಇದೆ.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಮನೆಯಲ್ಲಿ ಇಂಥ ಯಂತ್ರ ಸುಮ್ನೆ ಬಿದ್ದಿದ್ದರೆ ಒಂದು ಎಸ್‌ಎಸ್‌ಡಿ ಹಾಕಿಸಿ, ಲೆಕ್ಕಕ್ಕೆ, ಬರವಣಿಗೆಗೆ ಇಟ್ಟುಕೊಳ್ಳಿ. ಇದಕ್ಕಾಗಿಯೇ ಸೆಕೆಂಡ್ ಹ್ಯಾಂಡ್ ಕೊಳ್ಳುವವರು 64-ಬಿಟ್‌ನದ್ದೇ ನೋಡಿ. ಬ್ಯಾಂಕಿನ ಕೆಲಸ ಮೊಬೈಲಿನಲ್ಲೇ ಇರಲಿ.