ಮಾವು, ಹಲಸು, ಎಕ್ಸ್, ಜಾಲರಿ: ಮೂರು ಗಿಟಾರ್ ಕಟ್ಟಿ ನೋಡಿದೆ

ಮೂರೂ ಸ್ಟೀಲ್ ತಂತಿಯ ಗಿಟಾರ್. ಮೂರಕ್ಕೂ ಒಂದೇ ಅಚ್ಚು, ತಂತಿಯ ಉದ್ದ 645 ಮಿ.ಮೀ. ಮೊದಲನೆಯದರ ಬೆನ್ನು ಮತ್ತು ಪಕ್ಕಗಳು ಮಾವಿನವು, ಮುಂದಿನ ಹಲಗೆ ಸಿಟ್ಕಾ ಸ್ಪ್ರೂಸ್, ಒಳಗೆ ಎಕ್ಸ್ ಬ್ರೇಸಿಂಗ್, ಅಂದರೆ ಮುಂದಿನ ಹಲಗೆಯ ಒಳಮೈಗೆ ಎಕ್ಸ್ ಆಕಾರದಲ್ಲಿ ಅಂಟಿಸಿದ ಆಸರೆ ಕಡ್ಡಿಗಳು. ಎರಡನೆಯದಕ್ಕೆ ಹಲಸು, ರೆಡ್‌ವುಡ್, ಜಾಲರಿ ಬ್ರೇಸಿಂಗ್. ಎರಡನ್ನೂ ಪಕ್ಕಪಕ್ಕ ಇಟ್ಟು ನುಡಿಸಿದರೆ ಅಜಗಜಾಂತರ. ಎರಡನೆಯದು ಬೆರಳು ಸೋಕಿದರೆ ಸಾಕು, ಕೂಗುತ್ತಿತ್ತು. ‘ಹಲಸು ಅಂದ್ರೆ ಹಲಸು’ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಪೆದ್ದುತನ. ಒಂದೇ ಏಟಿಗೆ ಮೂರು ಸಂಗತಿ ಬದಲಾಯಿಸಿ, ಹೊಗಳಿಕೆಯನ್ನೆಲ್ಲ ಬೆನ್ನಿನ ಮರಕ್ಕೆ ಕೊಟ್ಟಿದ್ದೆ. ಅದಕ್ಕೇ ಮೂರನೆಯದನ್ನು ಕಟ್ಟಬೇಕಾಯಿತು. ಬೆನ್ನು, ಪಕ್ಕ ಹಲಸು. ಮುಂದಿನ ಹಲಗೆ ಮತ್ತೆ ಸ್ಪ್ರೂಸ್, ಒಳಗೆ ಮತ್ತೆ ಎಕ್ಸ್.

ಈಗ ಮಾವಿನದ್ದನ್ನೂ ಹಲಸಿನದ್ದನ್ನೂ ನೇರವಾಗಿ ಹೋಲಿಸಬಹುದಿತ್ತು. ಗೆಳೆಯನ ಕೈಗೆ ಎರಡನ್ನೂ ಕೊಟ್ಟು ನಾನು ಗೋಡೆ ಕಡೆ ಮುಖ ಮಾಡಿ ಕೂತೆ. 20 ಸಲದಲ್ಲಿ 11 ಸಲ ಸರಿಯಾಗಿ ಹೇಳಿದೆ. ನಾಣ್ಯ ಚಿಮ್ಮಿದ್ದರೂ ಅಷ್ಟು ಬರುತ್ತಿತ್ತು, ಅಲ್ವಾ? ಆಮೇಲೆ ನೋಡಿದರೆ ಇದು ಹೊಸ ವಿಷಯವೇ ಅಲ್ಲ. ಸ್ಪೇನಿನ ಆಂಟೋನಿಯೊ ಡಿ ಟೊರೆಸ್ 1862ರಲ್ಲೇ ರಟ್ಟಿನ ಬೆನ್ನು, ರಟ್ಟಿನ ಪಕ್ಕ ಇಟ್ಟು ಗಿಟಾರ್ ಮಾಡಿದ್ದರು. ದನಿ ಹುಟ್ಟುವುದು ಮುಂದಿನ ಹಲಗೆಯಲ್ಲಿ ಎಂದು ತೋರಿಸುವುದಕ್ಕೆ. 2018ರಲ್ಲಿ ಬ್ರಿಟನ್ನಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಬೆನ್ನಿನ ಮರವಷ್ಟೇ ಬೇರೆಯಾದ ಆರು ಗಿಟಾರ್‌ಗಳನ್ನು 52 ಜನರ ಕೈಯಲ್ಲಿ, ಯಾವುದು ಎಂದು ಕಾಣದ ಹಾಗೆ ನುಡಿಸಿದರು. ದುಬಾರಿ ಮರದ್ದಕ್ಕೂ ಅಗ್ಗದ ಮರದ್ದಕ್ಕೂ ಹೆಚ್ಚು ಕಡಿಮೆ ಒಂದೇ ಅಂಕ ಬಿತ್ತು.

ಹಾಗಾದರೆ ಮಾವೋ ಹಲಸೋ? ಕೆಲಸ ಮಾಡುವವನ ಲೆಕ್ಕದಲ್ಲಿ ಹಲಸು. ನನಗೆ ಸಿಕ್ಕ ಮಾವಿನ ಹಲಗೆಯಲ್ಲಿ ಅಲೆಅಲೆಯಾದ ಎಳೆ ಇತ್ತು. ನೋಡಲು ಬಲು ಚೆಂದ, ಬಗ್ಗಿಸಲು ನರಕ. 2 ಮಿ.ಮೀ. ದಪ್ಪದ ಪಟ್ಟಿ ಬಿಸಿ ಕೊಳವೆಯ ಮೇಲೆ ಸೊಂಟದ ತಿರುವಿನಲ್ಲೇ ಎರಡು ಸಲ ಲಟಕ್ಕೆಂದಿತು. ಕೊನೆಗೆ 1.8ಕ್ಕೆ ಇಳಿಸಿ, ಹಿಂದೆ ತೆಳು ತಗಡಿನ ಆಸರೆ ಕೊಟ್ಟು ಬಗ್ಗಿಸಿದೆ. ಕೀಸುಳಿ ಹಾಕಿದರೆ ಎಳೆ ಕಿತ್ತು ಬರುತ್ತಿತ್ತು. ಹಲಸು ಇಂಥ ಕಾಟ ಕೊಡಲಿಲ್ಲ. ಹೊಸದರಲ್ಲಿ ಹಳದಿ ಹಳದಿ ಕಂಡಿತು, ಬೆಳಕು ಬಿದ್ದಂತೆ ಕಂದು ಬಣ್ಣಕ್ಕೆ ತಿರುಗುತ್ತಿದೆ. ರೋಸ್‌ವುಡ್ ಕಡೆಗೆ ನಾನು ಹೋಗಲೇ ಇಲ್ಲ. 2017ರಿಂದ ಆ ಜಾತಿಯ ಮರಗಳೆಲ್ಲ ಸೈಟ್ಸ್ ಒಪ್ಪಂದದ (ಅಳಿವಿನಂಚಿನ ಗಿಡ, ಪ್ರಾಣಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿವೆ. 2019ರಲ್ಲಿ ಸಿದ್ಧ ವಾದ್ಯಗಳಿಗೆ ಒಂದಿಷ್ಟು ವಿನಾಯಿತಿ ಸಿಕ್ಕಿತು, ಹಸಿ ಹಲಗೆಗೆ ಆ ಸಡಿಲಿಕೆ ಇಲ್ಲ.

ಬೆನ್ನಿನ ಮರ ಅಲ್ಲ ಅಂದ ಮೇಲೆ ಎರಡನೆಯ ಗಿಟಾರ್ ಕೂಗುತ್ತಿದ್ದದ್ದು ಮುಂದಿನ ಹಲಗೆ ಮತ್ತು ಅದರ ಕೆಳಗಿನ ಕಡ್ಡಿಗಳಿಂದ. ನಿಜವಾದ ಪೈಪೋಟಿ ಇರುವುದು ಇಲ್ಲಿ.

ಎಕ್ಸ್ ಬ್ರೇಸಿಂಗ್ 1840ರ ದಶಕದಿಂದ ಬಂದಿರುವ ಕ್ರಮ. ಎರಡು ದೊಡ್ಡ ಕಡ್ಡಿ ಸೌಂಡ್‌ಹೋಲ್ (ಮುಂದಿನ ಹಲಗೆಯ ದುಂಡು ತೂತು) ಕೆಳಗೆ ಅಡ್ಡ ಹಾಯುತ್ತವೆ, ಉಳಿದವು ಚಿಲ್ಲರೆ. ಇದರ ದೊಡ್ಡ ಗುಣ, ತಪ್ಪನ್ನು ಕ್ಷಮಿಸುತ್ತದೆ. ಹಲಗೆ ತಟ್ಟಿ ಕೇಳಿ, ಬಿಗಿ ಜಾಸ್ತಿ ಅನಿಸಿದರೆ ಉಳಿಯಲ್ಲಿ ಒಂದಿಷ್ಟು ಹೆರೆದರಾಯಿತು. ಆದರೆ ಸುಮ್ನೆ ಹೆರೆಯುವಂತಿಲ್ಲ. ಕಡ್ಡಿಯ ಬಿಗಿ ಅದರ ಎತ್ತರದ ಘನಕ್ಕೆ ತಕ್ಕಂತೆ ಇಳಿಯುತ್ತದೆ. 12 ಮಿ.ಮೀ. ಇದ್ದದ್ದನ್ನು 11 ಮಾಡಿದರೆ ಹತ್ತಿರ ಹತ್ತಿರ ಕಾಲು ಭಾಗ ಬಿಗಿ ಹೋಯಿತು ಅಂತಲೇ ಲೆಕ್ಕ.

ಜಾಲರಿ ಬ್ರೇಸಿಂಗ್ ಹೆಸರು ಮಾಡಿದ್ದು ಆಸ್ಟ್ರೇಲಿಯಾದ ಗ್ರೆಗ್ ಸ್ಮಾಲ್‌ಮನ್ ಅವರಿಂದ. ಬಾಲ್ಸಾ ಕಡ್ಡಿ, ಅದರ ಮೇಲೆ ಕಾರ್ಬನ್ ಫೈಬರ್, ಅದಕ್ಕೆ ತೀರಾ ತೆಳುವಾದ ಹಲಗೆ. ನಾನು ಬಾಲ್ಸಾ ಬದಲು ಸ್ಪ್ರೂಸ್ ಕಡ್ಡಿ ಹಾಕಿದೆ, ಆ ಕಡೆ ಏಳು, ಈ ಕಡೆ ಏಳು. ಒಂದೊಂದು ಕಡ್ಡಿ ಇನ್ನೊಂದನ್ನು ದಾಟುವ ಕಡೆಯೆಲ್ಲ ಎರಡರಲ್ಲೂ ಅರ್ಧರ್ಧ ಕಚ್ಚು ಹೊಡೆಯಬೇಕು. ಎಕ್ಸ್ ಎರಡು ವಾರಾಂತ್ಯದಲ್ಲಿ ಮುಗಿದಿತ್ತು, ಇದಕ್ಕೆ ಆರು ಹಿಡಿಯಿತು. ಒಂದು ಕಚ್ಚು ಆಳವಾದರೂ ಆ ಕಡ್ಡಿ ದಂಡ. ಅಂಟಿಸಿದ ಮೇಲೆ ಹೆರೆದು ಸರಿ ಮಾಡುತ್ತೇನೆ ಎಂದರೆ ಕಾರ್ಬನ್ ಪಟ್ಟಿ ಅಡ್ಡ ಬರುತ್ತದೆ.

ಫಲ ಮಾತ್ರ ಕಿವಿಗೆ ತಕ್ಷಣ ಗೊತ್ತಾಗುತ್ತದೆ. ಹಲಗೆ 2.2 ಮಿ.ಮೀ. ಅಷ್ಟೇ. ಹಗುರ, ಹಾಗಾಗಿ ಬೇಗ ಅಲುಗುತ್ತದೆ, ದನಿ ಜೋರಾಗಿ ಹೊಮ್ಮುತ್ತದೆ. ಅಷ್ಟೇ ಬೇಗ ತಂತಿಯ ಕಸುವು ಖರ್ಚಾಗಿ ಹೋಗುವುದರಿಂದ ಗುಂಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಬೆರಳಲ್ಲಿ ಮೀಟಿದರೆ ಒಂದೊಂದು ಸ್ವರವೂ ಬಿಡಿಬಿಡಿ. ಪಿಕ್ ಹಿಡಿದು ಜೋರಾಗಿ ಸ್ಟ್ರಮ್ ಮಾಡಿದರೆ ಎಲ್ಲ ಕಲಸಿಹೋಗುತ್ತದೆ. ಎಕ್ಸ್ ಎಷ್ಟು ಬಡಿದರೂ ತಡೆದುಕೊಳ್ಳುತ್ತದೆ.

ಇನ್ನೊಂದು ತಲೆನೋವೂ ಇತ್ತು. ಡಬ್ಬಿಯೊಳಗಿನ ಗಾಳಿಯ ಅನುರಣನ ಸರಿಯಾಗಿ 98 ಹರ್ಟ್ಸ್‌ಗೆ ಬಂದು ಕೂತಿತ್ತು. ಅದು ದಪ್ಪ ತಂತಿಯ ಮೂರನೇ ಮನೆಯ (ಫ್ರೆಟ್) ಜಿ ಸ್ವರ. ಆ ಸ್ವರ ಒಮ್ಮೆ ಬುಸ್ ಎಂದು ಉಬ್ಬಿ ಸತ್ತುಹೋಗುತ್ತಿತ್ತು. ಸೌಂಡ್‌ಹೋಲ್ ಒಳಗೆ 20 ಮಿ.ಮೀ. ಆಳದ ರಟ್ಟಿನ ಬಳೆ ಕೂರಿಸಿದೆ. ಅನುರಣನ ಸ್ವಲ್ಪ ಕೆಳಗಿಳಿದು ಜಿ ತಣ್ಣಗಾಯಿತು. ಚೆಂದ ಕಾಣುವುದಿಲ್ಲ, ಇರಲಿ.

ನಿಜವಾದ ಪೆಟ್ಟು ಬಿದ್ದದ್ದು ಐದು ತಿಂಗಳ ಮೇಲೆ. ಜಾಲರಿ ಬೆಳೆದದ್ದು ನೈಲಾನ್ ತಂತಿಯ ಗಿಟಾರ್‌ನಲ್ಲಿ. ನನ್ನದರಲ್ಲಿದ್ದ 12ರ ಸೆಟ್ಟಿನ (ತೀರಾ ತೆಳುವಾದ ತಂತಿ 0.012 ಇಂಚು) ಸ್ಟೀಲ್ ತಂತಿಗಳು ಒಟ್ಟು 70 ಕೆ.ಜಿ.ಗೂ ಜಾಸ್ತಿ ಎಳೆಯುತ್ತವೆ. ತಂತಿಗಳನ್ನು ಹಲಗೆಗೆ ಹಿಡಿದಿಡುವ ಬ್ರಿಡ್ಜ್ ಮುಂದಕ್ಕೆ ಬಾಗಿತು, ಅದರ ಹಿಂದೆ ಹಲಗೆಗೆ ಹೊಟ್ಟೆ ಬಂತು, 12ನೇ ಫ್ರೆಟ್ ಹತ್ತಿರ ತಂತಿ 3.5 ಮಿ.ಮೀ. ಎತ್ತರಕ್ಕೆ ಹೋಯಿತು. ತಂತಿ ಬದಲಿಸಿ ಇನ್ನೂ ತೆಳುವಾದ 11ರ ಸೆಟ್ ಹಾಕಿ, ಬ್ರಿಡ್ಜ್ ಮೇಲೆ ತಂತಿ ಕೂರುವ ಸ್ಯಾಡಲ್ ತಗ್ಗಿಸಿದ ಮೇಲೆ ಅಲ್ಲಿಗೇ ನಿಂತಿದೆ. ರೆಡ್‌ವುಡ್ ಬಗ್ಗೆಯೂ ಒಂದು ಮಾತು: ಮೆತ್ತಗಿನ ಮರ. ಉಗುರು ತಾಗಿದರೂ ಗುರುತು ಉಳಿಯುತ್ತದೆ.

ಮೊದಲ ಗಿಟಾರ್ ಕಟ್ಟುವವರು ಕೇಳಿದರೆ ಹಲಸು, ಸ್ಪ್ರೂಸ್, ಎಕ್ಸ್ ಎನ್ನುತ್ತೇನೆ, ಎರಡು ಮಾತಿಲ್ಲ. ಯಾರಾದರೂ ಎರವಲು ಕೇಳಿದಾಗ ನಾನು ಕೊಟ್ಟು ಕಳಿಸುವುದೂ ಆ ಮೂರನೆಯದನ್ನೇ. ಹೊಟ್ಟೆ ಬಂದ, ಉಗುರಿನ ಗೀರು ಬಿದ್ದ ಎರಡನೆಯದು ಮಂಚದ ಪಕ್ಕದಲ್ಲಿದೆ. ರಾತ್ರಿ ಬೆರಳಲ್ಲಿ ನುಡಿಸಲು ಕೈ ಹೋಗುವುದು ಅದರ ಕಡೆಗೇ.