ಕುಂಬಳೆಯ ಚಾವಡಿಯಲ್ಲಿ ಸ್ಟ್ರೇಂಜರ್ ಥಿಂಗ್ಸ್ ಪಿನ್‌ಬಾಲ್: ಎಂಟು ತಿಂಗಳ ಮೇಲೆ

ಮೊದಲೇ ಹೇಳಿಬಿಡುತ್ತೇನೆ, ಸ್ಟ್ರೇಂಜರ್ ಥಿಂಗ್ಸ್ ಅನ್ನುವ ಟಿವಿ ಸೀರಿಯಲ್ಲಿನ ಮೇಲೆ ಮಾಡಿದ ಈ ಪಿನ್‌ಬಾಲ್ ಮೆಷೀನು, ಅಂದರೆ ಇಳಿಜಾರು ಹಲಗೆಯ ಮೇಲೆ ಚೆಂಡು ಹೊಡೆದು ಸ್ಕೋರು ಮಾಡುವ ಆಟದ ಪೆಟ್ಟಿಗೆ, ನನ್ನದಲ್ಲ, ಭಾವನದ್ದು. ಹದಿನಾರು ವರ್ಷ ದುಬೈಯಲ್ಲಿದ್ದು ಜನವರಿಯಲ್ಲಿ ಊರಿಗೆ ವಾಪಸು ಬಂದರು. ಅವರ ಕಾರ್ಗೋದಲ್ಲಿ ಫ್ರಿಜ್ಜು, ಸೋಫಾ, ಮಕ್ಕಳ ಸೈಕಲ್ಲಿನ ಜೊತೆ ಇದೂ ಬಂತು. ಅಕ್ಕನಿಗೆ ಗೊತ್ತೇ ಇರಲಿಲ್ಲ. ಅಷ್ಟು ದೊಡ್ಡ ಪೆಟ್ಟಿಗೆ ನೋಡಿ ಅಲಮಾರು ಅಂದುಕೊಂಡಿದ್ದಳು, ಒಡೆದು ನೋಡಿದ ಮೇಲೆ ಎರಡು ದಿನ ಭಾವನ ಜೊತೆ ಮಾತಾಡಲಿಲ್ಲ. ಬೆಲೆ ನನ್ನನ್ನು ಕೇಳಬೇಡಿ, ಅವಳಿಗೇ ಇನ್ನೂ ಸರಿಯಾಗಿ ಹೇಳಿಲ್ಲ.

ನನ್ನ ಮನೆ ಅಲ್ಲಿಂದ ಐದು ನಿಮಿಷದ ದಾರಿ. ಹಾಗಾಗಿ ಎಂಟು ತಿಂಗಳಲ್ಲಿ ಭಾವನಿಗಿಂತ ಜಾಸ್ತಿ ಆಡಿದವನು ನಾನೇ ಇರಬೇಕು.

ನನಗೆ ಪಿನ್‌ಬಾಲ್ ಅಂದರೆ ಹಳೇ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರಿನಲ್ಲಿದ್ದ ಸ್ಪೇಸ್ ಕೆಡೆಟ್ ಆಟ, ಅಷ್ಟೇ. ನಿಜವಾದದ್ದು ಬೇರೆಯೇ ಒಂದು ಪ್ರಾಣಿ. ಚೆಂಡು ಉಕ್ಕಿನದು, 27 ಮಿಲಿಮೀಟರ್ ದಪ್ಪ, 80 ಗ್ರಾಂ ತೂಕ. ಫ್ಲಿಪ್ಪರ್ ಅಂದರೆ ಕೆಳಗಿನಿಂದ ಚೆಂಡನ್ನು ಮೇಲಕ್ಕೆ ಹೊಡೆಯುವ ಪುಟ್ಟ ಕೈ, ಅದರ ಗುಂಡಿ ಒತ್ತಿದರೆ ಒಳಗೆ ಕಾಯಿಲ್ (ಕರೆಂಟಿನ ಸುರುಳಿ) ಎಳೆಯುವ ಪೆಟ್ಟು ಅಂಗೈಗೆ ಬರುತ್ತದೆ. ಮೂರು ಚೆಂಡು ಒಟ್ಟಿಗೆ ಬಿಟ್ಟಾಗ ಚಾವಡಿಯಲ್ಲಿ ಮಾತಾಡಿದರೆ ಕೇಳುವುದಿಲ್ಲ. ಮೊದಲ ವಾರ ಪಕ್ಕದ ಮನೆಯವರು ನಮ್ಮಲ್ಲಿ ಏನೋ ಮರದ ಕೆಲಸ ನಡೀತಿದೆ ಅಂದುಕೊಂಡಿದ್ದರಂತೆ.

ಮೆಷೀನಿನ ಬಗ್ಗೆ ಸ್ವಲ್ಪ. ಇದು ಸ್ಟರ್ನ್ ಕಂಪನಿ 2019ರ ಕೊನೆಗೆ ತಂದದ್ದು, ವಿನ್ಯಾಸ ಬ್ರಯಾನ್ ಎಡ್ಡಿ ಅವರದು. 90ರ ದಶಕದಲ್ಲಿ ಅಟ್ಯಾಕ್ ಫ್ರಂ ಮಾರ್ಸ್, ಮೆಡೀವಲ್ ಮ್ಯಾಡ್ನೆಸ್ ಮಾಡಿದವರು ಅವರೇ, ಪಿನ್‌ಬಾಲ್ ಹುಚ್ಚಿನವರು ಆ ಎರಡನ್ನೂ ತಲೆ ಮೇಲೆ ಹೊತ್ತುಕೊಳ್ಳುತ್ತಾರೆ. ಪ್ರೊ, ಪ್ರೀಮಿಯಂ, ಲಿಮಿಟೆಡ್ ಎಡಿಷನ್ ಅಂತ ಮೂರು ಬಗೆ. ಲಿಮಿಟೆಡ್ ಮಾಡಿದ್ದು 500 ಮಾತ್ರ. ದುಬಾರಿ ಎರಡರಲ್ಲಿ ಒಂದು ಪ್ರೊಜೆಕ್ಟರ್ ಇದೆ, ಚೆಂಡು ಓಡುವ ಹಲಗೆಯ ಮೇಲೇ ಚಿತ್ರ ಬಿಡುತ್ತದೆ. ಚೆಂಡನ್ನು ಆಯಸ್ಕಾಂತದಲ್ಲಿ ಹಿಡಿದು ನಿಲ್ಲಿಸುವ ಒಂದು ಆಟವೂ ಉಂಟು, ಸೀರಿಯಲ್ಲಿನ ಇಲೆವೆನ್ ಹುಡುಗಿ ಮನಸ್ಸಿನಿಂದಲೇ ವಸ್ತು ಎತ್ತುತ್ತಾಳಲ್ಲ, ಅದರ ಲೆಕ್ಕದಲ್ಲಿ. ನಮ್ಮದು ಪ್ರೊ. ಆ ಎರಡೂ ಇಲ್ಲ.

ಜೋಡಿಸಿದ ಕಥೆಯನ್ನು ಸ್ವಲ್ಪ ಉದ್ದಕ್ಕೇ ಹೇಳಬೇಕು, ಯಾಕೆಂದರೆ ನಮ್ಮ ಕಡೆ ಯಾರಾದರೂ ಗಲ್ಫಿನಿಂದ ತರಿಸುವುದಾದರೆ ಉಪಯೋಗಕ್ಕೆ ಬಂದೀತು. ತೂಕ ನೂರು ಕಿಲೋ ದಾಟುತ್ತದೆ. ನಾಲ್ಕು ಜನ ಬೇಕು. ಕಾಲುಗಳು ಬೇರೆ ಬರುತ್ತವೆ, ತಲೆ ಭಾಗ ಹಿಂದೆ ಮಡಚಿ ಮಲಗಿರುತ್ತದೆ, ಎತ್ತಿ ನಿಲ್ಲಿಸಿ ಬೋಲ್ಟು ಬಿಗಿಯಬೇಕು. ಪ್ಲಗ್ಗು ಅಲ್ಲಿಯದು, ಚಪ್ಪಟೆ ಮೂರು ಪಿನ್ನಿನದು. ಭಾವ ಒಂದು ಅಡಾಪ್ಟರ್ ಸಿಕ್ಕಿಸಿ ಶುರು ಮಾಡಿಯೇಬಿಟ್ಟರು. ಪಕ್ಕದ ಲೋಹದ ಪಟ್ಟಿ ಮುಟ್ಟಿದರೆ ಕೈ ಜುಂ ಅನ್ನುತ್ತಿತ್ತು. ತಪ್ಪು ಮೆಷೀನಿನದಲ್ಲ, ಮನೆಯದು. ಅಜ್ಜನ ಕಾಲದ ಮನೆ, ಅರ್ಥಿಂಗ್ ಹೆಸರಿಗೆ ಮಾತ್ರ ಇತ್ತು. ಎಲೆಕ್ಟ್ರಿಷಿಯನ್ ಕರೆಸಿ ಹೊಸ ಅರ್ಥ್ ಹಾಕಿಸಿ, ಪ್ಲಗ್ಗು ಬದಲಾಯಿಸಿದ ಮೇಲೆ ಸರಿಯಾಯಿತು. ಇದನ್ನು ಮೊದಲ ದಿನವೇ ಮಾಡಿ, ಮಕ್ಕಳು ಬರಿಗಾಲಲ್ಲಿ ನಿಂತು ಆಡುತ್ತವೆ.

ಆಮೇಲೆ ನೆಲ. ಚೆಂಡು ಯಾವಾಗಲೂ ಎಡಕ್ಕೇ ಎಳೆಯುತ್ತಿತ್ತು, ಎಡಬದಿಯ ಗಲ್ಲಿಯಲ್ಲಿ ಇಳಿದು ಸೀದಾ ಕೆಳಗಿನ ಚರಂಡಿಗೆ, ಅಲ್ಲಿಗೆ ಆ ಚೆಂಡಿನ ಆಟ ಮುಗಿಯಿತು. ಭಾವ ಮೆಷೀನೇ ಹಾಳು ಅಂತ ತೀರ್ಮಾನ ಮಾಡಿ ತಲೆ ಮೇಲೆ ಕೈಹೊತ್ತು ಕೂತರು. ಚಾವಡಿಯ ಮೂಲೆಯಲ್ಲಿ ಕೂತು ವೀಳ್ಯ ಹಾಕುತ್ತಿದ್ದ ಮಾವ, ಅಂದರೆ ಅಕ್ಕನ ಮಾವ, ನಿಧಾನಕ್ಕೆ ಹೇಳಿದರು, "ಮಗಾ, ಚಾವಡಿ ತೊಳೆದ ನೀರು ಅಂಗಳಕ್ಕೆ ಹೋಗಲಿ ಅಂತ ನಾನೇ ಇಳಿಜಾರು ಮಾಡಿಸಿದ್ದು." ಮೇಸ್ತ್ರಿಯ ಹತ್ತಿರ ರಸಮಟ್ಟ ತಂದು ಅಡ್ಡಕ್ಕೆ ಇಟ್ಟು ನೋಡಿದರೆ ಹೌದು, ಗುಳ್ಳೆ ಒಂದು ಕಡೆಗೆ ಹೋಗಿ ಕೂತಿದೆ! ಕಾಲಿನ ತುದಿಯ ಸ್ಕ್ರೂ ತಿರುಗಿಸಿ ಸಮ ಮಾಡಿದೆವು. ಉದ್ದಕ್ಕೆ ಮಾತ್ರ ಸಮ ಇರಬಾರದು, ಆರೂವರೆ ಡಿಗ್ರಿ ಇಳಿಜಾರು ಬೇಕು. ಅದಕ್ಕೆ ಮೊಬೈಲಿನ ಆ್ಯಪ್ ಸಾಕು. ಕಡಿಮೆ ಆದರೆ ಚೆಂಡು ತೇಲಿದ ಹಾಗೆ ಸೋಮಾರಿಯಾಗಿ ಬರುತ್ತದೆ, ಜಾಸ್ತಿ ಆದರೆ ಕಣ್ಣಿಗೆ ಸಿಗುವುದಿಲ್ಲ.

ಈಗ ಆಟ. ನಡುವೆ ನಿಂತ ಟಾರ್ಗೆಟ್‌ಗಳನ್ನು ಹೊಡೆದು ಬೀಳಿಸಿದರೆ ಹಿಂದೆ ಒಂದು ಏರು ಕಾಣುತ್ತದೆ, ಅದರ ತುದಿಯಲ್ಲಿ ಬಾಯಿ ಅಗಲಿಸಿಕೊಂಡು ಡೆಮೊಗಾರ್ಗನ್, ಸೀರಿಯಲ್ಲಿನ ರಾಕ್ಷಸ. ಚೆಂಡು ಏರಿ ಹಾರಿ ಆ ಬಾಯಿಗೆ ಬೀಳಬೇಕು. ಇಡೀ ಮೆಷೀನಿನ ಜೀವ ಇರುವುದು ಈ ಒಂದು ಹೊಡೆತದಲ್ಲಿ. ಎಂಟು ತಿಂಗಳಾದರೂ ಚೆಂಡು ಆ ಬಾಯಿ ಸೇರಿದಾಗ ನನಗೆ ಮೈ ಜುಮ್ಮೆನ್ನುತ್ತದೆ. ಸಮಸ್ಯೆ ಏನೆಂದರೆ ನೇರ ನಡುವಿಗೆ ಹೊಡೆದ ಚೆಂಡು ತಪ್ಪಿದರೆ ನೇರ ನಡುವಿಗೇ ವಾಪಸು ಬರುತ್ತದೆ, ಎರಡು ಫ್ಲಿಪ್ಪರ್‌ಗಳ ಮಧ್ಯೆ. ಹೊಸಬರಿಗೆ ಕಷ್ಟ. ನಿಯಮಗಳೂ ತಕ್ಷಣ ತಲೆಗೆ ಹೋಗುವುದಿಲ್ಲ, ಯಾವ ದೀಪ ಯಾಕೆ ಮಿನುಗುತ್ತಿದೆ ಅಂತ ಅರ್ಥವಾಗಲು ನನಗೆ ಒಂದು ತಿಂಗಳು ಹಿಡಿಯಿತು.

ಸೀರಿಯಲ್ ನೋಡಿದವರಿಗೆ ಮೊದಲ ದಿನ ಹಬ್ಬ. 2016ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದದ್ದು, 1983ರ ಹಾಕಿನ್ಸ್ ಅನ್ನುವ ಕಲ್ಪನೆಯ ಊರಿನ ಮಕ್ಕಳ ಕಥೆ. ಆ ಮಕ್ಕಳೇ ಎರಡನೇ ಸೀಸನ್ನಿನಲ್ಲಿ ಆರ್ಕೇಡಿಗೆ (ಆಟದ ಮೆಷೀನುಗಳ ಅಂಗಡಿಗೆ) ಹೋಗಿ ಆಡುತ್ತಾರೆ, ಹಾಗಾಗಿ ಈ ಕಥೆಗೆ ಪಿನ್‌ಬಾಲ್ ಚೆನ್ನಾಗಿ ಒಗ್ಗುತ್ತದೆ. ಮೇಲಿನ ಪರದೆಯಲ್ಲಿ ಸೀರಿಯಲ್ಲಿನ ತುಣುಕುಗಳು, ಅದೇ ಸಂಗೀತ. ಅಕ್ಕನ ಮಗಳು ಪ್ರತಿ ತುಣುಕಿಗೂ "ಮಾಮಾ, ಇದು ನೋಡು, ಇದು ನೋಡು" ಅಂತ ಕುಣಿಯುತ್ತಿದ್ದಳು. ಅಷ್ಟರಲ್ಲಿ ಚೆಂಡು ಹೋಗಿಯಾಗಿರುತ್ತಿತ್ತು.

ನನ್ನ ತಕರಾರು ಇದೇ. ಕಣ್ಣು ಇರಬೇಕಾದ್ದು ಚೆಂಡಿನ ಮೇಲೆ, ಸೀರಿಯಲ್ ಎಳೆಯುವುದು ಮೇಲಕ್ಕೆ. ಕಥೆ ಗೊತ್ತಿದ್ದಷ್ಟೂ ಸ್ಕೋರು ಕಡಿಮೆ! ಸುಮ್ನೆ ಹೇಳುತ್ತಿಲ್ಲ, ನಮ್ಮ ಮನೆಯ ಹೈ ಸ್ಕೋರು ಮಾವನದ್ದು. ಅವರು ಒಂದು ಎಪಿಸೋಡೂ ನೋಡಿಲ್ಲ. ಮೊದಲು ಹತ್ತಿರವೇ ಬರುತ್ತಿರಲಿಲ್ಲ, "ಇದು ಜುಗಾರಿ ಅಲ್ವಾ?" ಅಂತ ದೂರದಿಂದಲೇ ಕೇಳಿದ್ದರು. ಅವರು ಹೇಳಿದ್ದು ಪೂರ್ತಿ ತಪ್ಪೂ ಅಲ್ಲ, ನ್ಯೂಯಾರ್ಕ್ ನಗರದಲ್ಲೇ ಇದನ್ನು ಜೂಜು ಅಂತ ನಿಷೇಧಿಸಿ 1976ರವರೆಗೆ ಬಿಟ್ಟಿರಲಿಲ್ಲ. ಕೊನೆಗೆ ಒಬ್ಬ ಆಟಗಾರ ಚೆಂಡು ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಹೇಳಿ ಹೊಡೆದು ತೋರಿಸಿದ ಮೇಲೆ ಅಲ್ಲಿಯ ನಗರಸಭೆಯವರು ಒಪ್ಪಿದರು. ಈ ಕಥೆ ಹೇಳಿದ್ದೇ ತಪ್ಪಾಯಿತು ನೋಡಿ. ಮಾವ ಒಂದು ಕಾಲದ ಕೇರಂ ಆಟಗಾರ. ಅಂಗಿ ತೋಳು ಮಡಚಿ ಬಂದರು. ಪರದೆ ನೋಡುವುದಿಲ್ಲ, ಸಂಗೀತ ಕೇಳುವುದಿಲ್ಲ, ಎರಡೂ ಫ್ಲಿಪ್ಪರ್ ಒಟ್ಟಿಗೆ ಒತ್ತುವುದಿಲ್ಲ. ಚೆಂಡನ್ನು ಫ್ಲಿಪ್ಪರಿನ ಮೇಲೆ ನಿಲ್ಲಿಸಿ ಒಂದು ಕ್ಷಣ ನೋಡಿ, ಆಮೇಲೆ ಬಿಡುತ್ತಾರೆ. ಹನ್ನೆರಡು ಕೋಟಿ ಚಿಲ್ಲರೆ. ನಾನು ಏಳು ಕೋಟಿ ದಾಟಿಲ್ಲ. ಪ್ರೊಜೆಕ್ಟರ್ ಇರುವ ಪ್ರೀಮಿಯಂ ಇಲ್ಲವಲ್ಲ ಅಂತ ಭಾವನಿಗೆ ಬೇಜಾರು, ನನಗೇನೂ ಇಲ್ಲ. ಇನ್ನೂ ಒಂದು ಚಿತ್ರ ನೋಡುತ್ತಾ ಚೆಂಡು ಕಳೆಯುವುದು ಯಾರಿಗೆ ಬೇಕು?

ಮೆಷೀನನ್ನು ಅಲ್ಲಾಡಿಸಿಯೂ ಆಡಬಹುದು, ಆಡಬೇಕು ಕೂಡ. ಆದರೆ ಒಳಗೆ ಮೇಸ್ತ್ರಿಗಳ ತೂಗುಗುಂಡಿನ ಹಾಗೆ ಒಂದು ತೂಕ ನೇತಾಡುತ್ತಿರುತ್ತದೆ, ಜೋರಾಗಿ ತಳ್ಳಿದರೆ ಅದು ಸುತ್ತಲಿನ ಬಳೆಗೆ ತಾಗಿ ಟಿಲ್ಟ್ ಆಗುತ್ತದೆ, ಫ್ಲಿಪ್ಪರ್ ಸತ್ತ ಹಾಗೆ ಬಿದ್ದುಕೊಳ್ಳುತ್ತವೆ. ಭಾವನ ಆಟ ಹೆಚ್ಚಾಗಿ ಮುಗಿಯುವುದು ಹೀಗೇ.

ಮಳೆಗಾಲ ಹೇಗೆ ಕಳೆಯಿತು ಅಂತ ಕೇಳಿದರೆ, ಕಷ್ಟದಲ್ಲಿ. ಸಮುದ್ರ ಒಂದು ಕಿಲೋಮೀಟರ್ ಕೂಡ ಇಲ್ಲ, ಗಾಳಿಯಲ್ಲೇ ಉಪ್ಪು. ಜುಲೈಯಲ್ಲಿ ಹತ್ತು ದಿನ ಆಡದೆ ಬಿಟ್ಟಿದ್ದಕ್ಕೆ ಚೆಂಡುಗಳ ಮೇಲೆ ತುಕ್ಕಿನ ಚುಕ್ಕೆ. ತುಕ್ಕು ಹಿಡಿದ ಚೆಂಡು ಹಲಗೆಯನ್ನು ಮರಳುಕಾಗದದ ಹಾಗೆ ಉಜ್ಜುತ್ತದೆ, ತಕ್ಷಣ ಬದಲಾಯಿಸಬೇಕು. ಅಕ್ಕ ತೆಂಗಿನೆಣ್ಣೆ ಸವರಿಡು ಅಂದಳು. ದಯವಿಟ್ಟು ಬೇಡ, ಎಣ್ಣೆಗೆ ಧೂಳು ಅಂಟಿ ಚೆಂಡು ಓಡಿದಲ್ಲೆಲ್ಲ ಕಪ್ಪು ಗೆರೆ ಬೀಳುತ್ತದೆ. ಈಗ ಆಡದ ವಾರದಲ್ಲಿ ಚೆಂಡು ತೆಗೆದು, ಒಣ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿಡುತ್ತೇವೆ. ಗುಡುಗು ಶುರುವಾದರೆ ಪ್ಲಗ್ಗು ಕಿತ್ತುಬಿಡುತ್ತೇವೆ, ಇನ್ವರ್ಟರಿಗೆ ಕೊಟ್ಟಿಲ್ಲ. ಫ್ಲಿಪ್ಪರಿನ ರಬ್ಬರು ಸವೆದಿದೆ. ಅದೇನೂ ದೂರಲ್ಲ, ಸವೆಯುವ ಸಾಮಾನೇ ಅದು.

ಕೊಳ್ಳಬೇಕಾ ಅಂದರೆ, ಸೀರಿಯಲ್ ಇಷ್ಟ ಅನ್ನುವ ಒಂದೇ ಕಾರಣಕ್ಕೆ ಬೇಡ. ಆ ಖುಷಿ ನಮ್ಮಲ್ಲಿ ಮೂರು ವಾರ ಬಂತು. ಅಕ್ಕನ ಮಗಳು ಈಗ ತಿಂಗಳಿಗೊಮ್ಮೆ ಮುಟ್ಟಿದರೆ ಹೆಚ್ಚು. ಆ ನಡುವಿನ ಹೊಡೆತ ನಿಮಗೆ ಹಿಡಿಸಿತಾ ಅಂತ ಎಲ್ಲಾದರೂ ಒಮ್ಮೆ ಆಡಿ ನೋಡಿ, ಹಿಡಿಸಿದರೆ ಪ್ರೊ ಸಾಕು.

ಅಂದ ಹಾಗೆ ಹೋದ ವಾರ ಭಾವ ಮಾವನನ್ನು ಕೂರಿಸಿ ಸೀರಿಯಲ್ಲಿನ ಮೊದಲ ಎಪಿಸೋಡು ತೋರಿಸಿದರು, ಅವರ ಸ್ಕೋರು ಇಳಿಯಲಿ ಅಂತ. ಅರ್ಧಕ್ಕೇ ಮಾವನಿಗೆ ನಿದ್ದೆ ಬಂತು.