ಗಾಜಿನ ಟೀಪಾಟ್: ಮೂರು ವರ್ಷ ಬಳಸಿದ ಮೇಲೆ

ಮೂರು ವರ್ಷದ ಹಿಂದೆ ಕೂನೂರಿಗೆ ಹೋದಾಗ ಕಾಲು ಕಿಲೋ ನೀಲಗಿರಿ ಆರ್ಥೊಡಾಕ್ಸ್ ಟೀ, ಅಂದರೆ ಪುಡಿಯಾಗದೆ ಸುರುಳಿ ಸುತ್ತಿದ ಎಲೆ ಟೀ, ತಂದಿದ್ದೆ. ಮೈಸೂರಿಗೆ ಬಂದು ಪೊಟ್ಟಣ ಬಿಚ್ಚಿದ ಮೇಲೆ ಗೊತ್ತಾಯಿತು, ಇದನ್ನು ಮಾಡುವ ಸಾಮಾನು ನಮ್ಮ ಅಡುಗೆಮನೆಯಲ್ಲಿ ಇಲ್ಲ ಎಂದು. ನಾವು ದಿನಾ ಕುದಿಸುವುದು ಸಿಟಿಸಿ ಪುಡಿ. ಅದು ಯಂತ್ರದ ಹಲ್ಲುಗಳ ನಡುವೆ ಜಜ್ಜಿ, ಹರಿದು, ಗುಂಡಗೆ ಮಾಡಿದ ಕಾಳು. ಹಾಲು, ಸಕ್ಕರೆ ಹಾಕಿ ಕುದಿಸಿ ಸೋಸಿದರೆ ಆಯಿತು. ಎಲೆ ಟೀಗೆ ಆ ಪಾಡು ಆಗದು. ಬಿಸಿನೀರಲ್ಲಿ ನೆನೆಸಿ, ಹೊತ್ತಿಗೆ ಸರಿಯಾಗಿ ಎಲೆ ಎತ್ತಿಬಿಡಬೇಕು. ತಡವಾದರೆ ಒಗರು.

ಆಗ ಆನ್‌ಲೈನಲ್ಲಿ ತರಿಸಿದ್ದು ಈ ಪಾಟ್. 800 ಎಂಎಲ್, ಬೊರೊಸಿಲಿಕೇಟ್ ಗಾಜು, ಒಳಗೆ ಸ್ಟೀಲ್ ಜಾಲರಿಯ ಬುಟ್ಟಿ. 950 ರೂಪಾಯಿ ಕೊಟ್ಟೆ. ಗಾಜಿನ ಬಗ್ಗೆ ದೂರುವ ಹಾಗಿಲ್ಲ. ಈ ಗಾಜು ಬಿಸಿಗೆ ಹಿಗ್ಗುವುದು ತೀರಾ ಕಡಿಮೆ, ಅದಕ್ಕೇ ಕುದಿನೀರು ಸುರಿದರೂ ಬಿರುಕು ಬಿಟ್ಟಿಲ್ಲ.

ತೊಂದರೆ ಇರುವುದು ಬುಟ್ಟಿಯಲ್ಲಿ. ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲೆ ಟೀ ಕುಡಿಯುವವಳು ನಾನೊಬ್ಬಳೇ. ಯಜಮಾನರಿಗೆ ಫಿಲ್ಟರ್ ಕಾಫಿಯೇ ಆಗಬೇಕು. ಹಾಗಾಗಿ ನನಗೆ ಬೇಕಾದ್ದು ಒಂದು ಲೋಟ, 200 ಎಂಎಲ್. ಅಷ್ಟು ನೀರು ಪಾಟಿನ ಅಗಲವಾದ ತಳದಲ್ಲಿ ಹರಡಿಕೊಂಡು ನಿಲ್ಲುತ್ತದೆ. ಬುಟ್ಟಿ ಬಾಯಿಯಿಂದ ನೇತಾಡಿಕೊಂಡು ನೀರಿಗಿಂತ ಒಂದು ಬೆರಳು ಮೇಲೇ ಇರುತ್ತದೆ! ಸುರಿಯುವಾಗ ಎಲೆ ಒದ್ದೆಯಾಗುವುದು ಬಿಟ್ಟರೆ ನೆನೆಯುವುದೇ ಇಲ್ಲ. ಎಲೆ ಜಾಸ್ತಿ ಹಾಕಿ ನೋಡಿದೆ, ದುಡ್ಡು ದಂಡ. ಬುಟ್ಟಿ ಮುಳುಗುವಷ್ಟು ನೀರು ಹಾಕಿದರೆ ಮೂರು ಲೋಟ ಟೀ ಆಗುತ್ತದೆ. ಉಳಿದದ್ದನ್ನು ಹತ್ತು ಗಂಟೆಗೆ ಮತ್ತೆ ಬಿಸಿ ಮಾಡಿದರೆ ಬಣ್ಣ ಮಾತ್ರ ಇರುತ್ತದೆ, ಆ ಹೂವಿನಂಥ ಪರಿಮಳ ಹೋಗಿರುತ್ತದೆ. ಮಾರುವವರು ಹಾಕಿದ್ದ ಫೋಟೋಗಳಲ್ಲೆಲ್ಲಾ ಪಾಟ್ ತುಂಬಿ ತುಳುಕುತ್ತಿತ್ತು. ಕಡಿಮೆ ಎಂದರೆ ಎಷ್ಟು ನೀರು ಬೇಕು ಎಂದು ಒಂದು ಸಾಲು ಬರೆದಿದ್ದರೆ ನಾನು ಚಿಕ್ಕದನ್ನೇ ತಗೊಳ್ಳುತ್ತಿದ್ದೆ. ಇದು ನನಗೆ ಇವತ್ತಿಗೂ ಬೇಜಾರು.

ಆಮೇಲೆ 120 ರೂಪಾಯಿಗೆ ಸರಪಳಿ ಇರುವ ಜಾಲರಿ ಉಂಡೆ ತಂದೆ. ಅದನ್ನಂತೂ ದಯವಿಟ್ಟು ತಗೊಳ್ಳಬೇಡಿ. ಒಣ ಎಲೆ ಹಾಕಿದಾಗ ಅರ್ಧ ಉಂಡೆ ತುಂಬಿತ್ತು. ಐದು ನಿಮಿಷ ಬಿಟ್ಟು ತೆರೆದು ನೋಡಿದೆ. ಅಂಚಿನ ಎಲೆಗಳು ಊದಿ ಜಾಲರಿಗೆ ಒತ್ತಿಕೊಂಡಿದ್ದವು. ಬೆರಳಲ್ಲಿ ಬಿಡಿಸಿದರೆ ನಡುವಿನವು ಇನ್ನೂ ಸುರುಳಿ ಸುರುಳಿಯಾಗಿ, ಕಪ್ಪಗೆ, ಪೊಟ್ಟಣದಲ್ಲಿ ಇದ್ದ ಹಾಗೇ ಇದ್ದವು. ಎಲೆ ನೆಂದರೆ ಎಷ್ಟೋ ಪಟ್ಟು ಅರಳುತ್ತದೆ, ಅದಕ್ಕೆ ಕೈಕಾಲು ಚಾಚಲು ಜಾಗ ಬೇಕು ಅಲ್ವಾ?

ಕೊನೆಗೆ ನನ್ನ ಬೆಳಗಿನ ಟೀ ಸರಿ ಮಾಡಿದ್ದು 350 ರೂಪಾಯಿಯ ಒಂದು ಸ್ಟೀಲ್ ಬುಟ್ಟಿ. ದಪ್ಪ ಪಿಂಗಾಣಿ ಮಗ್ಗಿನ ಬಾಯಿಗೆ ಎರಡು ಕಿವಿ ಊರಿಕೊಂಡು ಕೂರುತ್ತದೆ. ಅಗಲವಾಗಿದೆ, ಹೆಚ್ಚುಕಡಿಮೆ ಮಗ್ಗಿನ ತಳದವರೆಗೆ ಇಳಿಯುತ್ತದೆ. ಮೊದಲು ಮಗ್ಗಿಗೆ ಬಿಸಿನೀರು ಹಾಕಿ ಒಂದು ಸುತ್ತು ಆಡಿಸಿ ಚೆಲ್ಲುತ್ತೇನೆ. ಬೆಚ್ಚಗಾದ ಬುಟ್ಟಿಗೆ ಎರಡು ಗ್ರಾಂ ಎಲೆ. ನೀರು ತಾಕುವ ಮೊದಲೇ ಆ ಬಿಸಿಗೆ ಒಣ ಎಲೆಯಿಂದ ಒಂದು ಘಮ ಏಳುತ್ತದೆ, ಅದಕ್ಕಾಗಿ ಮೂಗು ಬಗ್ಗಿಸಿ ಒಂದು ಕ್ಷಣ ನಿಲ್ಲುತ್ತೇನೆ. ನೀರು ಸುರಿದು ಮುಚ್ಚಳ ಮುಚ್ಚಿ ಹಿತ್ತಲಿಗೆ ಹೋಗಿ ತುಳಸಿಗೆ ನೀರು ಹಾಕಿ ಬರುವಷ್ಟರಲ್ಲಿ ನಾಲ್ಕು ನಿಮಿಷ. ಮುಚ್ಚಳ ತೆಗೆದು ಅಂಗಾತ ಇಟ್ಟರೆ ಅದೇ ತಟ್ಟೆ. ತೊಟ್ಟಿಕ್ಕುವ ಬುಟ್ಟಿಯನ್ನು ಅದರ ಮೇಲೆ ಇಡುತ್ತೇನೆ, ಕಟ್ಟೆ ಕಲೆಯಾಗುವುದಿಲ್ಲ. ಅದೇ ಎಲೆಗೆ ಹನ್ನೊಂದು ಗಂಟೆಗೆ ಇನ್ನೊಂದು ಸಲ ನೀರು ಹಾಕಬಹುದು.

ಡಿಗ್ರಿ ತೋರಿಸುವ ಕೆಟಲ್ ಬೇಕಾ ಎಂದು ತುಂಬಾ ಜನ ಕೇಳುತ್ತಾರೆ. ಕಪ್ಪು ಟೀಗೆ ಬೇಡ. ಮೈಸೂರು, ಬೆಂಗಳೂರಿನ ಎತ್ತರದಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಊಟಿಯಲ್ಲಿ 93ರ ಆಸುಪಾಸು. ಕುದಿ ಬಂದ ತಕ್ಷಣ ಸುರಿಯಿರಿ. ಗ್ರೀನ್ ಟೀಗೆ 75ರಿಂದ 80 ಸಾಕು. ನಾನು ನೀರನ್ನು ಒಂದೆರಡು ಸಲ ಪಾತ್ರೆ ಬದಲಿಸಿ ಆರಿಸುತ್ತೇನೆ.

ಪಾಟನ್ನು ಯಾರಿಗಾದರೂ ಕೊಟ್ಟುಬಿಡೋಣ ಅಂದುಕೊಂಡಿದ್ದೆ. ಹೋದ ದೀಪಾವಳಿಗೆ ಅಕ್ಕನ ಮನೆಯವರು ಬಂದರು. ಹೊರಗೆ ಜಡಿಮಳೆ. ಪಾಟ್ ಇಳಿಸಿ ತೊಳೆದು, ಏಳು ಚಮಚ ಎಲೆ ಹಾಕಿ, ಕತ್ತಿನವರೆಗೆ ನೀರು ಸುರಿದು ಊಟದ ಮೇಜಿನ ಮೇಲೆ ಇಟ್ಟೆ. ಬುಟ್ಟಿಯ ಕೆಳಗಿನಿಂದ ಜೇನಿನ ಬಣ್ಣದ ಎಳೆಗಳು ಬಳುಕುತ್ತಾ ತಳಕ್ಕೆ ಇಳಿದವು. ಅಕ್ಕನ ಮಗಳು ಮೊಬೈಲ್ ಬದಿಗಿಟ್ಟು ಗಾಜಿಗೆ ಮುಖ ತಂದು ನೋಡುತ್ತಾ ಕೂತಳು. ಒಳಗೆ ಎಲೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಿದ್ದವು. ನಾಲ್ಕು ಲೋಟಕ್ಕೂ ಒಂದೇ ರುಚಿ ಬಂತು. ಹಾಲಿಲ್ಲದ ಟೀ ಮುಟ್ಟದ ಭಾವನವರೂ ಎರಡನೇ ಲೋಟ ಕೇಳಿದರು. ಅವತ್ತಿನಿಂದ ಪಾಟ್ ಮೇಲಿನ ಅಟ್ಟದಿಂದ ಕೈಗೆಟುಕುವ ಕಪಾಟಿಗೆ ಬಂದಿದೆ.

ಮೂರ್ನಾಲ್ಕು ಜನ ಒಟ್ಟಿಗೆ ಕುಡಿಯುವ ಮನೆಗೆ ಇದು ಒಳ್ಳೆಯ ಪಾಟ್. ಒಬ್ಬರೇ ಆದರೆ 350 ರೂಪಾಯಿಯ ಬುಟ್ಟಿ ತಗೊಳ್ಳಿ. ಅಂಗಡಿಯಲ್ಲಿ ಪಾಟ್ ನೋಡುವಾಗ ಬುಟ್ಟಿ ಇಳಿಸಿ, ತಳಕ್ಕೂ ಅದಕ್ಕೂ ಎಷ್ಟು ಸಂದು ಇದೆ ಎಂದು ಬೆರಳಲ್ಲಿ ಅಳೆಯಿರಿ. ಜಾಲರಿಗೆ ಕಂದು ಕಲೆ ಹಿಡಿದರೆ ಉಜ್ಜಬೇಡಿ, ರಾತ್ರಿ ಬಿಸಿನೀರಿಗೆ ಅಡುಗೆ ಸೋಡ ಹಾಕಿ ನೆನೆಸಿಡಿ. ಹಾಲನ್ನು ಮಾತ್ರ ಬುಟ್ಟಿಗೆ ತಾಕಿಸಬೇಡಿ, ಜಾಲರಿಯ ಕಣ್ಣುಗಳು ಕಟ್ಟಿಕೊಳ್ಳುತ್ತವೆ. ನೆಂದ ಎಲೆ ನಮ್ಮಲ್ಲಿ ಕರಿಬೇವಿನ ಗಿಡದ ಬುಡಕ್ಕೆ ಹೋಗುತ್ತದೆ.